ತೋಳಿರುವ ಕುರ್ಚಿ

ನಮ್ಮ ಯಜಮಾನರು ರಾತ್ರಿ ಬಸ್ಸಿನ ಡ್ರೈವರ್. ಊರಿಗೂರನ್ನೇ ಕೂರಿಸಿಕೊಂಡು ಓಡಾಡುವ ಈ ಮಹಾಪುರುಷರಿಗೆ ಹೆಂಡತಿಯ ಪಕ್ಕ ಕೂತು ಒಂದು ಲೋಟ ಕಾಫಿ ಕುಡಿಯಲು ಮಾತ್ರ ಪುರುಸೊತ್ತಿಲ್ಲ. ಬೆಳಿಗ್ಗೆ ಬರುತ್ತಾರೆ, ಮಲಗುತ್ತಾರೆ, ಸಂಜೆ ಎದ್ದು ಹೋಗುತ್ತಾರೆ. (ನಾನು ಮದುವೆಯಾದದ್ದು ಇವರನ್ನೋ ಇವರ ಗೊರಕೆಯನ್ನೋ, ಈಗಲೂ ಅನುಮಾನವಿದೆ.)

ಹೀಗಿರುವಾಗ ಮಕ್ಕಳ ಆಸ್ಪತ್ರೆಯ ಸಹಾಯಾರ್ಥ ಕುರ್ಚಿ ಸ್ಪರ್ಧೆ ಬಂತು. ಎಲ್ಲರಿಗೂ ಒಂದೇ ಥರದ, ಹಳೇ ಕಾಲದ, ಕೈಯಿಲ್ಲದ ಮರದ ಕುರ್ಚಿ ಕೊಡುತ್ತಾರೆ. ಅದನ್ನು ಕಲಾಕೃತಿ ಮಾಡಬೇಕು. ಮೊದಲು ಪ್ರದರ್ಶನ, ಆಮೇಲೆ ಹರಾಜು. ಪಕ್ಕದ ಮನೆ ಟೀಚರಮ್ಮ ತಮ್ಮದರ ಮೇಲೆ ನವಿಲು ಬರೆದರು. ನಾನು ಇವರ ಹಳೇ ಡ್ಯೂಟಿ ಶರ್ಟನ್ನು ಕುರ್ಚಿಗೆ ತೊಡಿಸಿದೆ. ತೋಳುಗಳಿಗೆ ಹತ್ತಿ ತುಂಬಿ, ಕೂತವರನ್ನು ಹಿಂದಿನಿಂದ ಅಪ್ಪಿಕೊಳ್ಳುವಂತೆ ಹೊಲಿದು, ತುದಿಗೆ ಗುಂಡಿ ಇಟ್ಟೆ. ಸರಿಯಾಗಿದೆಯೇ ನೋಡೋಣವೆಂದು ಕೂತವಳಿಗೆ ಏಳಲು ಮನಸ್ಸೇ ಬರಲಿಲ್ಲ. ಅಳು ಬಂತು. ನನಗೆ ಬೇಕಾಗಿದ್ದುದು ಇಷ್ಟೇ ಅಲ್ಲವೇ?

ಸಮಿತಿಯ ಮೇಡಂ ಕುರ್ಚಿ ಒಯ್ಯಲು ಬರುವ ಬೆಳಿಗ್ಗೆಯೇ ಇವರು ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚಲು ಅದರಲ್ಲೇ ಕೂತರು. ಸೀಟು ಸಿಕ್ಕರೆ ಬೆಲ್ಟ್ ಹುಡುಕುವ ಕೈ! ಎರಡೂ ತೋಳುಗಳನ್ನು ಹೊಟ್ಟೆಯ ಮೇಲೆ ಎಳೆದು ಗುಂಡಿ ಹಾಕಿಕೊಂಡೇ ಬಿಟ್ಟರು. ಮರುಕ್ಷಣ ಗೊರಕೆ.

"ಏಳ್ರೀ! ಅದು ಕಲೆ ಕಣ್ರೀ!"

"ಬಾಗ್ಲಲ್ಲಿ ನಿಲ್ಬೇಡಮ್ಮಾ, ಹಿಂದೆ ಜಾಗ ಇದೆ ಹೋಗು," ಎಂದರು ನಿದ್ದೆಯಲ್ಲೇ.

ಅಷ್ಟರಲ್ಲಿ ಮೇಡಂ ಬಂದರು. ನೋಡಿದರು. ಎದೆಯ ಮೇಲೆ ಕೈಯಿಟ್ಟುಕೊಂಡರು. "ಅದ್ಭುತ! ದುಡಿದ ಜೀವಕ್ಕೆ ಅಂಗಿಯ ಆಲಿಂಗನ! ಇವರಿಲ್ದೆ ಈ ಕುರ್ಚಿಗೆ ಅರ್ಥವೇ ಇಲ್ಲ. ಕುರ್ಚಿ ಜೊತೆ ಇವ್ರೂ ಬರ್ಲಿ."

ನನ್ನ ತಂಗಿಯ ಮದುವೆಗೂ ರಜೆ ಸಿಗದ ಮನುಷ್ಯನಿಗೆ, ಮಕ್ಕಳ ಆಸ್ಪತ್ರೆ ಎಂದೊಡನೆ ಡಿಪೋದವರು ಒಂದು ವಾರ ರಜೆ ಕೊಟ್ಟರು. ಮೊದಲ ಬಹುಮಾನವೂ ಬಂತು. ನಾನು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಒಳ್ಳೆಯ ಸೀರೆ ಉಟ್ಟು ಪ್ರದರ್ಶನಕ್ಕೆ ಓಡಿದೆ.

ಇವರು ಎಚ್ಚರವಾಗಿದ್ದರು! ನನ್ನನ್ನು ನೋಡಿ ನಕ್ಕರು. "ಬಾರೇ, ಪಕ್ಕದಲ್ಲಿ ಕೂತ್ಕೋ. ಈ ವಾರ ಪೂರ್ತಿ ನಂಗೇನೂ ಕೆಲ್ಸ ಇಲ್ಲ."

ಎಷ್ಟು ವರ್ಷದಿಂದ ಕಾದ ಮಾತು! ಸೀರೆಯ ನೆರಿಗೆ ಎತ್ತಿಕೊಂಡು, ಕುರ್ಚಿಯ ಸುತ್ತ ಕಟ್ಟಿದ್ದ ಹಗ್ಗ ದಾಟಲು ಕಾಲೆತ್ತಿದೆ.

"ಅಮ್ಮಾ, ಆಚೆ ನಿಂತ್ಕೊಳ್ಳಿ!" ಕಾವಲುಗಾರ ಓಡಿಬಂದ. "ಮುಟ್ಟೋ ಹಾಗಿಲ್ಲ."

"ಅವ್ರು ನಮ್ಮನೆಯವ್ರಪ್ಪಾ!"

"ಇರಬಹುದಮ್ಮಾ," ಎಂದ ಅವನು ಮರ್ಯಾದೆಯಿಂದಲೇ. "ಶನಿವಾರ ಹರಾಜಿದೆ. ಯಾರು ತಗೋತಾರೋ, ಅವ್ರನ್ನ ಕೇಳಿ."