ಬೀಗವಿಲ್ಲದ ಫೋನಿನ ಬೀಗ

ಮಾರ್ಚ್ ಹನ್ನೊಂದನೆಯ ತಾರೀಕು, ಬುಧವಾರ ಸಂಜೆ ಏಳು ಗಂಟೆಗೆ, ಒಂದು ಮೊಬೈಲ್ ಕಂಪನಿಯು ತನ್ನ ಸ್ವಂತ ಕಚೇರಿಯ ಮೂರನೆಯ ಮಹಡಿಯಲ್ಲಿ, ತಾನೇ ಕೊಟ್ಟ ಟೋಕನ್ ಹಿಡಿದು ಕುಳಿತಿದ್ದ ಗೌರವಸ್ಥ ನಿವೃತ್ತ ಅಧಿಕಾರಿಯೊಬ್ಬರ ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿತು. ತುತ್ತು ಎಂದರೆ ಅನ್ನದ ತುತ್ತಲ್ಲ, ಚದುರಂಗದ ತುತ್ತು. ಒಂಬತ್ತು ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ ತಮ್ಮ ಭಾವಮೈದುನನನ್ನು ಸೋಲಿಸಲು ಅವರಿಗೆ ಅಂದು ಒಂದೇ ಒಂದು ನಡೆ ಬಾಕಿಯಿತ್ತು.

ಈ ಅಧಿಕಾರಿಗಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಬೀದಿಯವರಿಗೆ ಇಂದಿಗೂ ಅವರು ಇನ್‌ಸ್ಪೆಕ್ಟರೇ. ಅವರ ಚಪ್ಪಲಿಯ ಸದ್ದು ಕೇಳಿದರೆ ತರಕಾರಿ ಅಂಗಡಿಯ ತಕ್ಕಡಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ ಎಂಬ ಖ್ಯಾತಿ ಅವರಿಗಿದೆ. (ಮನೆಯೊಳಗಿನ ತಕ್ಕಡಿ ಮಾತ್ರ ಮದುವೆಯಾದ ಲಾಗಾಯ್ತು ಒಂದೇ ಕಡೆಗೆ ವಾಲಿದೆ. ಅದರ ತಪಾಸಣೆ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.)

ಭಾವಮೈದುನ, ಅಂದರೆ ಅವರ ಹೆಂಡತಿಯ ತಮ್ಮ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾಗಿ ದೂರದ ಊರಿನಲ್ಲಿ ನೆಲೆಸಿರುವಾತ. ಇಬ್ಬರ ಮನೆಯಲ್ಲೂ ಒಂದೊಂದು ಚದುರಂಗದ ಹಾಸು. ಪ್ರತಿದಿನ ಸಂಜೆ ಏಳಕ್ಕೆ, ಹಸಿರು ಬಾವುಟ ಬೀಸಿದಷ್ಟು ಕರಾರುವಾಕ್ಕಾಗಿ, ಗಾರ್ಡು ಫೋನ್ ಮಾಡಿ ತನ್ನ ನಡೆ ಹೇಳುವನು. ಇನ್‌ಸ್ಪೆಕ್ಟರು ಅದೇ ಕರೆಯಲ್ಲಿ ತಮ್ಮ ನಡೆ ಹೇಳಬೇಕು. ಬರೆದು ಕಳಿಸುವಂತಿಲ್ಲ. "ಬರೆದ ನಡೆ ಯಾರ ಬುದ್ಧಿಯದೋ ಏನೋ ಭಾವ, ಬಾಯಲ್ಲೇ ಹೇಳಿ" ಎಂಬುದು ಗಾರ್ಡಿನ ಶಾಸನ. ಅಲ್ಲದೆ ಆತನದು ಗುಂಡಿ ಒತ್ತುವ ಹಳೆಯ ಫೋನು. ಕರೆ ಬಿಟ್ಟರೆ ಬೇರೇನೂ ಅದಕ್ಕೆ ಬಾರದು. ಈ ವ್ಯವಸ್ಥೆಯಲ್ಲಿ ಇನ್‌ಸ್ಪೆಕ್ಟರು ಒಂಬತ್ತು ವರ್ಷ ಸತತವಾಗಿ ಸೋತಿದ್ದರು. ಸೋಲಿಗಿಂತ ಹೆಚ್ಚಾಗಿ ಅವರನ್ನು ಸುಡುತ್ತಿದ್ದುದು, ಪ್ರತಿ ಸೋಲಿನ ನಂತರ ಭಾವಮೈದುನ ಹೇಳುತ್ತಿದ್ದ "ಪರವಾಗಿಲ್ಲ ಭಾವ, ಚೆನ್ನಾಗೇ ಆಡಿದ್ರಿ" ಎಂಬ ಸಮಾಧಾನ.

ಇಂತಿರಲು ಅವರ ಹಳೆಯ ಫೋನು ಅಂಗಿಯ ಜೇಬಿನಲ್ಲೇ ಕುಳಿತು ಬಟ್ಟೆ ಒಗೆಯುವ ಯಂತ್ರದೊಳಗೆ ಹೋಯಿತು. ಹೊರಬಂದಾಗ ಬಹಳ ಶುಭ್ರವಾಗಿತ್ತು. ಜೀವ ಮಾತ್ರ ಇರಲಿಲ್ಲ.

"ಕಂಪನಿ ಅಂಗಡಿಯಲ್ಲೇ ಹೊಸದು ತಗೊಳ್ಳಿ. ನಂದೂ ಅಲ್ಲಿಂದಲೇ ತಂದಿದ್ದಲ್ವಾ?" ಎಂದರು ಹೆಂಡತಿ. "ನನ್ನ ತಮ್ಮನೂ ಅದನ್ನೇ ಹೇಳಿದ."

ಕೊನೆಯ ವಾಕ್ಯ ಇಲ್ಲದಿದ್ದರೆ ಇನ್‌ಸ್ಪೆಕ್ಟರು ಹಾಗೆಯೇ ಮಾಡುತ್ತಿದ್ದರೇನೋ. "ಕಂಪನಿಯ ಫೋನಿಗೆ ಬೀಗ ಇರುತ್ತೆ ಕಣೇ! ಅವರ ಸಿಮ್ ಬಿಟ್ಟು ಬೇರೆಯವರದು ಹಾಕೋ ಹಾಗಿಲ್ಲ. ದುಡ್ಡು ಕೊಟ್ಟು ಜೀತಕ್ಕೆ ಹೋಗೋದಾ? ನಾನು ಬೀಗ ಇಲ್ಲದ ಫೋನೇ ತಗೊಳ್ಳೋನು."

"ನಾವು ಬೇರೆ ಸಿಮ್ ಯಾಕೆ ಹಾಕ್ತೀವಿ?"

"ಹಾಕ್ತೀವೋ ಬಿಡ್ತೀವೋ, ಹಾಕೋ ಹಕ್ಕು ಇರಬೇಕು!"

ಹೀಗೆ ಅವರು ದೊಡ್ಡ ಅಂಗಡಿಯೊಂದರಿಂದ ಸರ್ವತಂತ್ರ ಸ್ವತಂತ್ರವಾದ ಫೋನೊಂದನ್ನು ಮನೆಗೆ ಬಿಜಯಂಗೈಸಿದರು. ಅದಕ್ಕೆ ಅದೇ ಹಳೆಯ ಕಂಪನಿಯ ಅದೇ ಹಳೆಯ ಸಿಮ್ ಹಾಕಿದರು. ಸಂಜೆ ಏಳಾಯಿತು. ಫೋನು ಮೌನವ್ರತ ಹಿಡಿದು ಕುಳಿತಿತ್ತು.

ಇಲ್ಲಿ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರದು ಕಟ್ಟಡದ ಹಿಂಬದಿಯ ನೆಲಮಹಡಿ. ಒಂದು ಪಕ್ಕ ನೀರಿನ ತೊಟ್ಟಿಯ ಗೋಡೆ, ಇನ್ನೊಂದು ಪಕ್ಕ ಕಬ್ಬಿಣದ ತಗಡಿನ ಗೋದಾಮು. ಆ ಮನೆಯೊಳಕ್ಕೆ ಬಿಸಿಲೇ ಅಪ್ಪಣೆ ಕೇಳಿ ಬರುತ್ತದೆ. ಇನ್ನು ಸಿಗ್ನಲ್ಲಿನ ಪಾಡೇನು! ಹಳೆಯ ಫೋನಿನಲ್ಲಿ ಕರೆಗಳು ಮನೆಯ ವೈಫೈ ಹಿಡಿದು ಒಳಗೆ ಬರುತ್ತಿದ್ದವು. ಹೆಂಡತಿಯ ಫೋನಿನಲ್ಲಿ ಈಗಲೂ ಬರುತ್ತವೆ. ಆ ಸೌಲಭ್ಯದ ಹೆಸರು ಹೊಸ ಫೋನಿನ ಡಬ್ಬಿಯ ಮೇಲೂ ಅಚ್ಚಾಗಿತ್ತು. ಆದರೆ ಫೋನಿನೊಳಗೆ ಎಷ್ಟು ತಡಕಾಡಿದರೂ ಅದು ಸಿಗಲಿಲ್ಲ. ಹೆಂಡತಿಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎದ್ದು ಕಾಣುತ್ತಿದ್ದ ಆ ಸಾಲು ಇವರ ಫೋನಿನಲ್ಲಿ ಮಂಗಮಾಯ. 'ಇಲ್ಲ' ಎಂದಾದರೂ ಹೇಳಿದ್ದರೆ ವಾದಿಸಬಹುದಿತ್ತು. ಇರುವ ಸುಳಿವೇ ಇಲ್ಲದವರೊಡನೆ ವಾದಿಸುವುದು ಹೇಗೆ?

ಬೀದಿಯ ಮೂಲೆಯ ಕ್ಷೌರದಂಗಡಿಯ ಮುಂದೆ ಸಿಗ್ನಲ್ ಧಾರಾಳವಾಗಿ ಸಿಗುತ್ತದೆ. ಮರುದಿನ ಬೆಳಿಗ್ಗೆಯೇ ಅಲ್ಲಿ ನಿಂತು ಅವರು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು. ಮಾತಿಗೆ ಸಿಕ್ಕ ಹುಡುಗಿ ಬಹಳ ಸಭ್ಯಳು.

"ಸರ್, ನಿಮ್ಮ ನಂಬರಿಗೆ ಆ ಸೌಲಭ್ಯ ಚಾಲೂ ಇದೆ ಸರ್."

"ನಂಬರಿಗೆ ಇದೆ ಸರಿ. ಫೋನಿನಲ್ಲಿ ಕಾಣ್ತಿಲ್ಲವಲ್ಲಮ್ಮ."

"ಆ ಫೋನ್ ನಮ್ಮಲ್ಲಿ ತಗೊಂಡಿದ್ದಲ್ಲ ಸರ್."

"ಇದೇ ಫೋನು, ಇದೇ ಬಣ್ಣ, ನಿಮ್ಮ ಅಂಗಡಿಯ ಗಾಜಿನೊಳಗೂ ಇದೆ. ನಾನೇ ಕಣ್ಣಾರೆ ನೋಡಿದ್ದೇನೆ."

"ಹೌದು ಸರ್. ಅದರಲ್ಲಿ ಬರುತ್ತೆ."

"ಹಾಗಾದರೆ ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?"

"ಅದು ನಮ್ಮದು ಸರ್."

ಇನ್‌ಸ್ಪೆಕ್ಟರು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ದಿಟ್ಟಿಸಿ ನೋಡಿದರು. ಅಲ್ಲಿಂದ ನೇರವಾಗಿ ಫೋನು ತಯಾರಿಸಿದವರ ದುರಸ್ತಿ ಕೇಂದ್ರಕ್ಕೆ ಹೋದರು. ಅಲ್ಲಿನ ಯುವಕ ಫೋನನ್ನು ತಿರುಗಿಸಿ ಮುರುಗಿಸಿ, "ಇದರಲ್ಲಿ ಎಲ್ಲಾ ಇದೆ ಸರ್. ಸಿಮ್ ಕಂಪನಿಯವರು ತೆರೆದುಕೊಡಬೇಕು" ಎಂದ.

"ಬೀಗವೇ ಇಲ್ಲದ ಫೋನಪ್ಪಾ ಇದು! ತೆರೆಯೋದು ಏನನ್ನ?"

"ಬೀಗ ಫೋನಿಗಿಲ್ಲ ಸರ್. ಸೌಲಭ್ಯಕ್ಕಿದೆ."

"ಕೀಲಿಕೈ ಯಾರ ಹತ್ತಿರ ಇದೆ?"

"ಅವರ ಹತ್ತಿರ."

ಕಂಪನಿಯವರನ್ನು ಕೇಳಿದರೆ ತಯಾರಕರ ಹತ್ತಿರ ಎಂದರು. ಇದು ಹೇಗಾಯಿತೆಂದರೆ, ಗಿರಾಕಿ ತಂದ ಪಾತ್ರೆ ತನ್ನಲ್ಲೇ ಕೊಂಡದ್ದಾದರೆ ಹಾಲಿನವನೊಬ್ಬನು ಒಂದು ಲೀಟರು ಅಳೆಯುತ್ತಾನೆ. ಬೇರೆ ಅಂಗಡಿಯ ಪಾತ್ರೆಯಾದರೆ ಮುಕ್ಕಾಲು ಲೀಟರು. ಕೇಳಿದರೆ ಪಾತ್ರೆ ಮಾಡಿದವನನ್ನು ವಿಚಾರಿಸಿ ಎನ್ನುತ್ತಾನೆ. ತಮ್ಮ ಸೇವಾವಧಿಯಲ್ಲಿ ಇಂಥವನು ಸಿಕ್ಕಿದ್ದರೆ ಇನ್‌ಸ್ಪೆಕ್ಟರು ಅಂಗಡಿಗೇ ಬೀಗ ಜಡಿಸುತ್ತಿದ್ದರು. ಆದರೆ ಇಲ್ಲಿ ಬೀಗವೆಲ್ಲಿದೆ ಎಂಬುದೇ ತಿಳಿಯದು.

"ರೀ, ಸಂಜೆ ನನ್ನ ಫೋನಿಗೇ ಮಾಡು ಅಂತ ತಮ್ಮನಿಗೆ ಹೇಳ್ತೀನಿ ಬಿಡಿ" ಎಂದರು ಹೆಂಡತಿ.

"ಕೂಡದು!" ಎಂದು ಗುಡುಗಿದರು ಇನ್‌ಸ್ಪೆಕ್ಟರು. "ಆಗ ಅವನು 'ಕಂಪನಿ ಅಂಗಡೀಲಿ ತಗೊಳ್ಳಿ ಅಂದಿದ್ದೆನಲ್ಲ ಭಾವ' ಅಂತಾನೆ. ಆಮೇಲೆ 'ಪರವಾಗಿಲ್ಲ' ಅಂತಾನೆ. ನನ್ನ ಕೈಲಿ ತಡೆಯೋಕಾಗಲ್ಲ."

ಆದ್ದರಿಂದ ಚದುರಂಗದ ಹಾಸು ಕ್ಷೌರದಂಗಡಿಯ ಬೆಂಚಿಗೆ ಸ್ಥಳಾಂತರಗೊಂಡಿತು. ಕ್ಷೌರಿಕ ಒಳ್ಳೆಯ ಮನುಷ್ಯ. ಬೆಂಚಿಗೆ ಬಾಡಿಗೆ ಕೇಳಲಿಲ್ಲ. ಆದರೆ ಬೇರೆಯವರ ಬೆಂಚಿನ ಮೇಲೆ ಪುಕ್ಕಟೆ ಕೂರುವುದು ಇನ್‌ಸ್ಪೆಕ್ಟರ ತತ್ವಕ್ಕೆ ವಿರುದ್ಧ. ದಿನ ಬಿಟ್ಟು ದಿನ ಅವರು ಕ್ಷೌರ ಮಾಡಿಸಿಕೊಳ್ಳತೊಡಗಿದರು.

"ರೀ, ಇನ್ನು ಅಲ್ಲಿ ಕತ್ತರಿಸೋಕೆ ಏನುಳಿದಿದೆ?" ಎಂದು ಹೆಂಡತಿ ಅವರ ತಲೆಯನ್ನು ದೀಪದ ಬೆಳಕಿಗೆ ಹಿಡಿದು ಕೇಳಿದರು.

ಬೆಂಚಿನ ಸುತ್ತ ಒಂದು ಪರಿಷತ್ತೇ ನೆರೆಯಿತು. ಮುಖಕ್ಕೆ ನೊರೆ ಮೆತ್ತಿಕೊಂಡವರೂ ಎದ್ದು ಬಂದು "ಯಜಮಾನ್ರೇ, ಕುದುರೆ ಬಿಡಿ, ಕುದುರೆ!" ಎನ್ನತೊಡಗಿದರು. ಫೋನಿನ ಆಚೆ ಕಡೆ ರೈಲ್ವೆ ಕಿವಿ.

"ಭಾವ, ಎಲ್ಲಿದೀರಿ? ಕತ್ತರಿ ಸದ್ದು ಕೇಳ್ತಿದೆ."

"ಅದಾ? ನಿಮ್ಮಕ್ಕ ಬಟ್ಟೆ ಕತ್ತರಿಸ್ತಿದಾಳೆ."

"ಯಾರೋ 'ಮೀಸೇನೂ ತೆಗೀಲಾ' ಅಂದ್ರಲ್ಲ?"

"…ರೇಡಿಯೋ."

ಆದರೂ ಸತ್ಯ ಹೇಳಬೇಕೆಂದರೆ, ಆ ಗದ್ದಲದ ನಡುವೆ ಇನ್‌ಸ್ಪೆಕ್ಟರು ಜೀವಮಾನದ ಆಟ ಆಡಿದರು. ಪರಿಷತ್ತಿನ ಸಲಹೆಗಳಲ್ಲಿ ಒಂದನ್ನೂ ಪಾಲಿಸಲಿಲ್ಲ. ಅದೇ ಗೆಲುವಿನ ಗುಟ್ಟಾಗಿರಬೇಕು. ಮಂಗಳವಾರ ಸಂಜೆಯ ಹೊತ್ತಿಗೆ ಗಾರ್ಡಿನ ರಾಜ ತನ್ನದೇ ಕಾಲಾಳುಗಳ ಹಿಂದೆ ಮೂಲೆ ಸೇರಿ ಕುಳಿತಿದ್ದ. ಗಾರ್ಡು ಬುಧವಾರ ಯಾವ ನಡೆ ನಡೆದರೂ ಇನ್‌ಸ್ಪೆಕ್ಟರ ಆನೆ ಕೊನೆಯ ಸಾಲಿಗೆ ನುಗ್ಗಿದರೆ ರಾಜ ಸೆರೆ, ಆಟ ಮುಗಿಯಿತು. ಮಾತ್! ಆ ಸಂಜೆ ಫೋನಿನ ಆಚೆ ಕಡೆಯಿಂದ ಬಂದ ನಿಟ್ಟುಸಿರು ಅವರಿಗೆ ಸಂಗೀತದಂತೆ ಕೇಳಿಸಿತು.

ಅಲ್ಲಿಯೇ ಅವರು ಎಡವಿದ್ದು. ಒಂಬತ್ತು ವರ್ಷ ಕಾದ ಆ ಒಂದು ಪದವನ್ನು ಕತ್ತರಿಯ ಸದ್ದಿನ ನಡುವೆ, ಬೇರೆಯವರ ಕೂದಲಿನ ಮೇಲೆ ನಿಂತು ಉಚ್ಚರಿಸುವುದೇ? ತಮ್ಮ ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ಒಂದು ಕ್ಷಣ ತಡೆದು, ಗಂಭೀರವಾಗಿ ಹೇಳಬೇಡವೇ? ಬುಧವಾರ ಮಧ್ಯಾಹ್ನವೇ ಅವರು ಕಂಪನಿಯ ಮುಖ್ಯ ಕಚೇರಿಗೆ ಹೊರಟರು. ಏಳರೊಳಗೆ ಸೌಲಭ್ಯವನ್ನು ತೆರೆಸಿಕೊಂಡು ಮನೆ ಸೇರುವುದು ಅವರ ಸಂಕಲ್ಪ.

ಟೋಕನ್ ಕೊಟ್ಟರು. ತಂಪು ಗಾಳಿ, ಮೆತ್ತನೆಯ ಸೋಫಾ, ಗೋಡೆಯ ಮೇಲೆ 'ನೀವು ಎಲ್ಲೇ ಇರಿ, ನಾವು ಅಲ್ಲಿದ್ದೇವೆ' ಎಂಬ ದೊಡ್ಡ ಅಕ್ಷರಗಳು. ಐದಾಯಿತು, ಆರಾಯಿತು. ಎದ್ದು ಹೋದರೆ ಸರದಿ ಹೋಗುತ್ತದೆ; ಕುಳಿತರೆ ಹೊತ್ತು ಹೋಗುತ್ತದೆ. ಹಾಳಾಗಲಿ, ಇಲ್ಲಿಂದಲೇ ಮಾತ್ ಹೇಳಿದರಾಯಿತು, ಹಾಸು ಮನಸ್ಸಿನಲ್ಲೇ ಇದೆಯಲ್ಲ ಎಂದು ಅವರು ಜೇಬಿನಿಂದ ಫೋನು ತೆಗೆದರು. ಏಳಕ್ಕೆ ಇನ್ನು ಸ್ವಲ್ಪವೇ ಹೊತ್ತು. ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

ಅವರ ಟೋಕನ್ ಕೂಗಿದ್ದೂ ಆಗಲೇ. "ನಿಮ್ಮ ಕಚೇರಿಯೊಳಗೆ ನಿಮ್ಮದೇ ಸಿಗ್ನಲ್ ಇಲ್ಲವಲ್ಲ ಸ್ವಾಮಿ!" ಎಂದು ಅವರು ಕಂಪನಿಯ ಅಧಿಕಾರಿಯ ಮೇಜಿನ ಮುಂದೆ ನಿಂತು ಏದುಸಿರು ಬಿಟ್ಟರು.

"ಸುತ್ತ ಎಲ್ಲಾ ಗಾಜು, ಕಬ್ಬಿಣ ಅಲ್ವಾ ಸರ್. ಇಲ್ಲಿ ನಾವೆಲ್ಲಾ ವೈಫೈ ಮೇಲೇ ಮಾತಾಡೋದು" ಎಂದ ಆತ, ಹೆಮ್ಮೆಯಿಂದ.

"ನನಗೂ ಅದನ್ನೇ ಕೊಡಿ ಅಂತ ಬಂದಿದ್ದೇನೆ!"

ಆತ ಫೋನು ನೋಡಿ, ಕಂಪ್ಯೂಟರ್ ನೋಡಿ, ಮರುಕದಿಂದ ಇವರ ನುಣ್ಣನೆಯ ತಲೆಯನ್ನೂ ನೋಡಿದ. "ಒಂದೇ ದಾರಿ ಸರ್. ಇದೇ ಫೋನನ್ನ ನಮ್ಮಲ್ಲಿ ಇನ್ನೊಂದು ತಗೊಂಡುಬಿಡಿ."

ಇನ್‌ಸ್ಪೆಕ್ಟರು ಮೂರು ಮಹಡಿಯ ಮೆಟ್ಟಿಲನ್ನು ಈ ವಯಸ್ಸಿನಲ್ಲಿ ಇಳಿಯಬಾರದ ವೇಗದಲ್ಲಿ ಇಳಿದರು. ಬೀದಿಯಲ್ಲಿ ಸಿಗ್ನಲ್ ಬಂತು. ಗಾರ್ಡಿನ ನಂಬರು ಎಷ್ಟು ಸಲ ಒತ್ತಿದರೂ "ಬೇರೆ ಕರೆಯಲ್ಲಿದ್ದಾರೆ" ಎಂದಿತು. ಬೇರೆ ಕರೆ ಯಾರದೆಂದು ಮನೆ ಸೇರಿದಾಗ ತಿಳಿಯಿತು.

"ಬಂದ್ರಾ? ಪಾಪ, ಅವನು ನಿಮಗೆ ಮಾಡಿ ಮಾಡಿ ಸಾಕಾಗಿ ಕೊನೆಗೆ ನನಗೆ ಮಾಡಿದ" ಎಂದರು ಹೆಂಡತಿ. "ಧ್ವನಿ ಎಷ್ಟು ಕುಗ್ಗಿಹೋಗಿತ್ತು ಅಂತೀರಿ! ನಿನ್ನೆ ರಾತ್ರಿಯೆಲ್ಲಾ ನಿದ್ದೆ ಇಲ್ಲವಂತೆ. 'ಅಕ್ಕಾ, ಈ ಆಟ ಸಮ ಅಂತ ಮುಗಿಸಿಬಿಡೋಣವಾ' ಅಂದ."

"ನೀನೇನಂದೆ?" ಇನ್‌ಸ್ಪೆಕ್ಟರ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಅದಕ್ಕೇನಂತೆ, ಮುಗಿಸಪ್ಪಾ ಅಂದೆ."

"ಮುಗಿಸು ಅಂದೆಯಾ! ಒಂದು ನಡೆ ಕಣೇ! ಒಂದೇ ನಡೆ! ಅವನ ರಾಜ ಮೂಲೇಲಿ ಉಸಿರು ಕಟ್ಟಿ ಬಿದ್ದಿದ್ದ!"

"ಅದೇ ಹೇಳಿದೆನಲ್ಲ, ಪಾಪ ಅಂತ. ತೋಡಿಕೊಳ್ಳೋಕೆ ಅವನಿಗಾದರೂ ನನ್ನ ಬಿಟ್ಟು ಇನ್ಯಾರಿದಾರೆ? ನೀವು ದಿನಾ ಕ್ಷೌರದಂಗಡಿ ಬೆಂಚಿನ ಮೇಲೆ ಕೂತು ಮಾತಾಡೋದು, ಫೋನಿಂದ ಪಡ್ತಿರೋ ಪಾಡು, ಎಲ್ಲಾ ನಾನೂ ಹೇಳಿಕೊಂಡೆ. ಬಹಳ ನೊಂದುಕೊಂಡ."

ಅಷ್ಟರಲ್ಲಿ ಹೆಂಡತಿಯ ಫೋನೇ ಮೊಳಗಿತು. ತೊಟ್ಟಿಯ ಗೋಡೆ, ತಗಡಿನ ಗೋದಾಮು ಎರಡನ್ನೂ ಲೆಕ್ಕಿಸದೆ ಗಾರ್ಡಿನ ಧ್ವನಿ ಪಕ್ಕದಲ್ಲೇ ಕುಳಿತವನಂತೆ ಸ್ಪಷ್ಟವಾಗಿ ಕೇಳಿಸಿತು.

"ಭಾವ, ಸಮ ಆಯ್ತಲ್ಲ."

"ಆಗಲಿಲ್ಲ! ಅವಳು ಹೇಳಿದ್ದು ನನ್ನ ಉತ್ತರ ಅಲ್ಲ!"

"ಹಾಗಂದರೆ ಹೇಗೆ ಭಾವ? ಹೋದ ವರ್ಷ ನನ್ನ ಹೆಂಡತಿ ಫೋನೆತ್ತಿ ಒಂಟೆ ಬದಲು ಮಂತ್ರೀನ ನಡೆಸಿಬಿಟ್ಟಾಗ, 'ಮನೆಯವರ ಮಾತು ಆಟಗಾರನ ಮಾತೇ' ಅಂತ ನೀವೇ ತೀರ್ಪು ಕೊಟ್ಟಿರಿ. ನನ್ನ ಮಂತ್ರೀನ ತಗೊಂಡಿರಿ ಕೂಡ."

ತಗೊಂಡಿದ್ದುದು ನಿಜ. (ಮಂತ್ರಿಯನ್ನು ತೆಗೆದುಕೊಂಡೂ ಆ ಆಟ ಸೋತಿದ್ದು ಬೇರೆ ವಿಷಯ.) ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕೆಂದು ಬಾಳಿದ ಇನ್‌ಸ್ಪೆಕ್ಟರು ತಮ್ಮದೇ ತೀರ್ಪಿಗೆ ತಲೆಬಾಗಿದರು.

"ಕಂಪನಿ ಅಂಗಡೀಲೇ ತಗೊಳ್ಳಿ ಅಂದಿದ್ದೆ ಭಾವ," ಎಂದ ಗಾರ್ಡು ಮೃದುವಾಗಿ. "ಪರವಾಗಿಲ್ಲ. ಚೆನ್ನಾಗೇ ಆಡಿದ್ರಿ."

ಗುರುವಾರದಿಂದ ಹೊಸ ಆಟ ಆರಂಭವಾಗಿದೆ, ಹೊಸ ಏರ್ಪಾಡಿನಲ್ಲಿ. ಸಂಜೆ ಏಳಕ್ಕೆ ಗಾರ್ಡು ಅಕ್ಕನ ಫೋನಿಗೆ ಕರೆ ಮಾಡುತ್ತಾನೆ. ಅಕ್ಕ ಅಡುಗೆಮನೆಯಿಂದಲೇ ನಡೆಗಳನ್ನು ಆಚೆಗೂ ಈಚೆಗೂ ದಾಟಿಸುತ್ತಾರೆ. ಫೋನನ್ನು ಗಂಡನ ಕೈಗೆ ಕೊಡುವುದಿಲ್ಲ, ಏಕೆಂದರೆ ನಡುನಡುವೆ ಅಕ್ಕತಮ್ಮಂದಿರ ಮಾತು ಬಹಳವಿರುತ್ತದೆ. ದಾಟಿಸುವಾಗ ನಡೆಗಳು ಕೊಂಚ ತಿದ್ದುಪಡಿಗೂ ಒಳಗಾಗುತ್ತವೆ.

ಆದಕಾರಣ, ಸಂಬಂಧಪಟ್ಟ ಮೊಬೈಲ್ ಕಂಪನಿಯವರೇ, ಫೋನು ತಯಾರಕರೇ, ನಿಮ್ಮಿಬ್ಬರಲ್ಲಿ ಕೀಲಿಕೈ ಯಾರ ಬಳಿ ಇದೆ ಎಂಬುದನ್ನು ನೀವೇ ಕುಳಿತು ಇತ್ಯರ್ಥ ಮಾಡಿಕೊಂಡು, ಡಬ್ಬಿಯ ಮೇಲೆ ಅಚ್ಚು ಹಾಕಿದ ಸೌಲಭ್ಯವನ್ನು ಡಬ್ಬಿಯೊಳಗಿನ ಫೋನಿಗೆ ಕೂಡಲೇ ಒದಗಿಸಬೇಕು. ಇದು ವಿನಂತಿಯಲ್ಲ, ಹಕ್ಕೊತ್ತಾಯ. ವಿಳಂಬಕ್ಕೆ ಅವಕಾಶವಿಲ್ಲ: ನಿನ್ನೆ ಇನ್‌ಸ್ಪೆಕ್ಟರು ನ್ಯಾಯವಾಗಿ ಹೊಡೆದ ಎರಡು ಕಾಲಾಳುಗಳನ್ನು ಅವರ ಹೆಂಡತಿ "ಪಾಪ, ಚಿಕ್ಕವು" ಎಂದು ತಮ್ಮನಿಗೆ ಹಿಂದಿರುಗಿಸಿದ್ದಾರೆ, ಇಂದು ಬೆಳಗಿನಿಂದ ಆಕೆಯ ಕಣ್ಣು ಆನೆಯ ಮೇಲಿದೆ.