ನನ್ನ ಕುರ್ಚಿಯಲ್ಲಿ ಕಾವಿಗೆ ಕೂತ ಬೂದುಕೋಳಿಯವರಿಗೆ

ಮಾನ್ಯರೇ,

ನಮ್ಮ ಹಿತ್ತಿಲ ಏಳು ಕೋಳಿಗಳಲ್ಲಿ ಹಿರಿಯರೂ, ಹುಂಜನನ್ನೂ ಅಂಕೆಯಲ್ಲಿಟ್ಟುಕೊಂಡವರೂ ಆದ ತಮ್ಮ ಸನ್ನಿಧಿಗೆ, ಈ ಬೀದಿಯ ಒಂದೇ ಕುರ್ಚಿಯ ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು, ಕೈ ತೊಳೆದುಕೊಂಡು, ಅತ್ಯಂತ ವಿನಯದಿಂದ ಬರೆದುಕೊಳ್ಳುವ ದೂರು ಇದು. ತಮಗೆ ಓದು ಬಾರದೆಂಬುದು ನನಗೆ ಗೊತ್ತು. ಆದರೆ ಓದುಬರಹ ಬಲ್ಲವರಿಗೆ ನಾನು ಈವರೆಗೆ ಬರೆದ ದೂರುಗಳ ಗತಿಯನ್ನು ನೋಡಿದರೆ ಅದೇನೂ ದೊಡ್ಡ ಕೊರತೆಯಲ್ಲ.

ತಾವು ಮೊಟ್ಟೆಯಿಡಲೆಂದು ಗೂಡಿನೊಳಗೆ ನಾನೇ ಹಲಗೆ ಹೊಡೆದು, ಹುಲ್ಲು ಹಾಸಿ, ನಾಲ್ಕು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ನುಚ್ಚಿಗಾಗಲಿ, ನೀರಿಗಾಗಲಿ, ಮೈಗೆ ಎರಚಿಕೊಳ್ಳುವ ಬೂದಿಗಾಗಲಿ ಯಾವತ್ತೂ ಕಡಿಮೆ ಮಾಡಿದವನಲ್ಲ. ಹೀಗಿದ್ದೂ, ನಾನು ಜ್ವರ ಬಂದು ಮನೆಯ ಮುಂಭಾಗದ ಅಂಗಡಿಯನ್ನು ಒಂದು ವಾರ ಮುಚ್ಚಿದ್ದಾಗ, ತಾವು ಹಿಂಬಾಗಿಲ ಸಂದಿಯಿಂದ ಒಳಬಂದು, ಮೂವತ್ತು ವರ್ಷ ಗಿರಾಕಿಗಳು ಕೂತೂ ಕೂತೂ ಗುಂಡಿಬಿದ್ದ ಕುರ್ಚಿಯ ಮೆತ್ತೆಯನ್ನು ಆರಿಸಿಕೊಂಡು, ಗೆಳತಿಯರ ನೆರವನ್ನೂ ಪಡೆದು ಎಂಟು ಮೊಟ್ಟೆ ಕೂಡಿಸಿ, ಕಾವಿಗೆ ಕೂತುಬಿಟ್ಟಿರಿ. ಎದುರಿನ ಕನ್ನಡಿಯಲ್ಲಿ ಇನ್ನೊಂದು ಕೋಳಿಯೂ ಹಟ ಹಿಡಿದು ಕೂತದ್ದನ್ನು ಕಂಡ ಮೇಲಂತೂ, ಅದು ಏಳುವ ತನಕ ತಾವೂ ಏಳಬಾರದೆಂದು ನಿಶ್ಚಯಿಸಿದಂತಿತ್ತು.

ಕಾವು ಬಿಡಿಸಲು ಕೋಳಿಯ ಹೊಟ್ಟೆಯನ್ನು ತಣ್ಣೀರಿನಲ್ಲಿ ಅದ್ದುವುದು ನಾನು ಬಲ್ಲ ಉಪಾಯ. ಬಕೆಟ್ ಹಿಡಿದು ಬಂದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಬಾಗಿಲಲ್ಲಿ ನನ್ನ ಮಗಳು ನಿಂತಿದ್ದಳು. ಅವಳು ಗಂಡನ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದು ಬಂದು ಎರಡು ತಿಂಗಳಾಗಿತ್ತು. ಏನಾಯಿತೆಂದು ಅವಳು ಹೇಳಿರಲಿಲ್ಲ, ಕೇಳುವ ಧೈರ್ಯ ನನಗಾಗಲಿ ಅವಳ ತಾಯಿಗಾಗಲಿ ಇರಲಿಲ್ಲ, ಊಟದ ಹೊತ್ತು ಬಿಟ್ಟರೆ ಅವಳು ಕೋಣೆಯಿಂದ ಹೊರಗೆ ಬರುತ್ತಲೂ ಇರಲಿಲ್ಲ. ಅಂಥವಳು, "ಬಿಡಪ್ಪ, ಕೂತಿರ್ಲಿ. ಎಬ್ಬಿಸ್ಬೇಡ," ಅಂದಳು. ಎರಡು ತಿಂಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ನಾನು ಬಕೆಟ್ಟಿನ ನೀರನ್ನು ಬೀದಿಗೆ ಚೆಲ್ಲಿದೆ.

ಇದರ ಪರಿಣಾಮವನ್ನು ತಾವು ಮೇಲಿನಿಂದಲೇ ವೀಕ್ಷಿಸಿದ್ದೀರಿ. ತಾವು ಕೂತದ್ದು ಏರಿಸಿ ಇಳಿಸಬಲ್ಲ ಕುರ್ಚಿಯಲ್ಲಿ. ಕಾಸು ಕೊಡುವ ಗಿರಾಕಿಗಳು ಕೂತದ್ದು ಅಡುಗೆಮನೆಯ ಮೊಣಕಾಲೆತ್ತರದ ಸ್ಟೂಲಿನಲ್ಲಿ. ಬಗ್ಗಿ ಬಗ್ಗಿ ನಾಲ್ಕನೇ ದಿನಕ್ಕೆ ನನ್ನ ಸೊಂಟ ಹಿಡಿದುಕೊಂಡಿತು. ತಮಗೆ ನುಚ್ಚು ಹಾಕಲು ಬಂದ ಮಗಳು ಅರ್ಧ ಕತ್ತರಿಸಿದ ತಲೆಯನ್ನೂ ಗೋಡೆಗೊರಗಿದ ಅಪ್ಪನನ್ನೂ ನೋಡಿ, ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. ಚಿಕ್ಕಂದಿನಲ್ಲಿ ನನ್ನ ಪಕ್ಕ ನಿಂತು ಕಲಿತ ಕೈ, ಮರೆತಿರಲಿಲ್ಲ.

ತಮ್ಮ ಇನ್ನೊಂದು ಉಪಕಾರವನ್ನೂ ಇಲ್ಲಿ ದಾಖಲಿಸದಿದ್ದರೆ ತಪ್ಪಾದೀತು. ಬೀದಿಯವರು 'ರೇಡಿಯೊ' ಎಂದು ಕರೆಯುವ ನಮ್ಮ ಹಳೆಯ ಗಿರಾಕಿಯೊಬ್ಬರು, ಪತ್ರಿಕೆ ಓದುವ ನೆಪದಲ್ಲಿ ದಿನಾ ಬಂದು, "ಮಗಳು ಯಾವಾಗ ವಾಪಸ್ ಹೋಗ್ತಾಳೆ?" ಎಂದು ವಿಚಾರಿಸುತ್ತಿದ್ದವರು, ತಮ್ಮನ್ನು ಕಂಡ ದಿನದಿಂದ "ಕೋಳಿ ಯಾವಾಗ ಏಳುತ್ತೆ?" ಎಂದು ವಿಚಾರಿಸತೊಡಗಿದರು. ಇಡೀ ಬೀದಿಯ ಕುತೂಹಲವನ್ನು ತಾವೊಬ್ಬರೇ ಮೈಮೇಲೆ ಹಾಕಿಕೊಂಡಿರಿ; ಇಂಥ ಸಮಾಜಸೇವೆಗೆ ಶಾಲು ಹೊದಿಸುವ ಪದ್ಧತಿಯುಂಟು, ಹೊದಿಸಿದರೆ ತಾವು ಅದರ ಮೇಲೇ ಕೂರುವಿರೆಂದು ಸುಮ್ಮನಿದ್ದೇನೆ. ಆದರೆ ಹನ್ನೊಂದನೇ ದಿನ, ಮಗಳ ಕತ್ತರಿಗೇ ತಲೆಯೊಡ್ಡಿ ಕೂತಿದ್ದ ರೇಡಿಯೊ, ಅಭ್ಯಾಸಬಲದಿಂದ ಎರಡೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಬಿಟ್ಟರು. ಮಗಳು ಕತ್ತರಿ ನಿಲ್ಲಿಸಲಿಲ್ಲ. "ಕೋಳಿ ಇನ್ನು ಹತ್ತು ದಿನಕ್ಕೆ ಏಳುತ್ತೆ ಮಾವ. ನಾನು ವಾಪಸ್ ಹೋಗಲ್ಲ. ತಲೆ ಸ್ವಲ್ಪ ಬಗ್ಸಿ," ಅಂದಳು. ಹೆತ್ತವರಾದ ನಮಗೆ ಆ ಸುದ್ದಿ ತಿಳಿದದ್ದು ಹೀಗೆ, ಗಿರಾಕಿಯ ಕುತ್ತಿಗೆಯ ಮೇಲಿಂದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅವಳ ತಾಯಿ ನಲ್ಲಿ ನಿಲ್ಲಿಸಿದಳು. ನಾನು ಬೇರೇನೂ ತೋಚದೆ, ಅದಾಗಲೇ ತುಂಬಿದ್ದ ತಮ್ಮ ನೀರಿನ ಬಟ್ಟಲಿಗೆ ಮತ್ತೆ ನೀರು ಹೊಯ್ದೆ.

ಇಪ್ಪತ್ತೊಂದನೇ ದಿನ ಏಳು ಮರಿಗಳಾದವು. ಮಗಳು ಒಂದೊಂದನ್ನೇ ಟವೆಲ್ಲಿನಲ್ಲಿಟ್ಟು ಕೆಳಗಿಳಿಸಿದಳು. ತಾವು ಬಾಡಿಗೆಯ ಮಾತೇ ಎತ್ತದೆ ಸಂಸಾರ ಸಮೇತ ಹಿತ್ತಿಲಿಗೆ ನಡೆದಿರಿ. ಕುರ್ಚಿಯನ್ನು ಉಜ್ಜಿ ತೊಳೆದವನು ನಾನು, ಅದರ ಹಿಂದೆ ನಿಂತವಳು ಮಗಳು. ಈಗ ಜನ ಅವಳ ಸರದಿಗಾಗಿಯೇ ಕಾಯುತ್ತಾರೆ. ಸ್ಟೂಲು, ಮತ್ತು ಯಾರು ಕತ್ತರಿಸಿದರೂ ಫರಕು ತಿಳಿಯದ ಬೋಳುತಲೆಯವರು ನನ್ನ ಪಾಲಿಗೆ ಉಳಿದಿದ್ದಾರೆ. ತಾವು ಇಪ್ಪತ್ತೊಂದು ದಿನಕ್ಕೆಂದು ಕಸಿದ ಕುರ್ಚಿ ನನ್ನ ಕೈಗೆ ಮರಳಿ ಬರಲೇ ಇಲ್ಲ.

ಆದ್ದರಿಂದ, ಮುಂದಿನ ಕಾವಿಗೆ ಮುನ್ನ ತಾವು ಲಿಖಿತ ಅರ್ಜಿಯನ್ನೂ ಅದಕ್ಕೆ ಹುಂಜನ ಒಪ್ಪಿಗೆ ಪತ್ರವನ್ನೂ ಸಲ್ಲಿಸಬೇಕೆಂದು ಕೋರುತ್ತೇನೆ. ಜೊತೆಗೆ, ಯಾರಾದರೂ ಹತ್ತಿರ ಬಂದರೆ ಗರಿ ಉಬ್ಬಿಸಿ ತಾವು ನೋಡುವ ಆ ನೋಟವನ್ನು ನನಗೆ ಎರಡು ದಿನದೊಳಗೆ ಕಲಿಸಿಕೊಡಬೇಕು. ಅಳಿಯಂದಿರು ಬರುತ್ತೇನೆಂದು ಹೇಳಿಕಳಿಸಿದ್ದಾರೆ, ಮತ್ತು ನಾನು ಜೀವಮಾನವಿಡೀ ಎದುರಿಗೆ ಬಂದವರಿಗೆಲ್ಲ "ಬನ್ನಿ, ಕೂತ್ಕೊಳ್ಳಿ" ಎಂದೇ ಹೇಳಿ ಅಭ್ಯಾಸವಾದವನು.

ತಮ್ಮ ವಿಶ್ವಾಸಿ,
ಸ್ಟೂಲಿಗೆ ವರ್ಗವಾದ ಕ್ಷೌರಿಕ

ತಾ.ಕ.: ಪತ್ರವನ್ನು ಗೂಡಿನ ಬಾಗಿಲಿಗೆ ಅಂಟಿಸುವಷ್ಟರಲ್ಲಿ ಅಳಿಯಂದಿರು ಬಂದುಹೋದರು. ನನ್ನ ನೋಟದ ಅಗತ್ಯ ಬೀಳಲಿಲ್ಲ. ಮಗಳು ಹೊಸ್ತಿಲಲ್ಲೇ ನಿಂತು, ದನಿ ಏರಿಸದೆ, ಹೇಳುವುದನ್ನು ಹೇಳಿ ಕಳಿಸಿದಳು. ಆ ಸಮಯದಲ್ಲಿ ತಾವು ಮಧ್ಯೆ ಹಾದುಹೋಗುತ್ತ ಅವರ ಹೊಸ ಬೂಟಿನ ಮೇಲೆ ತಮ್ಮ ಅಭಿಪ್ರಾಯವನ್ನು ಹಾಕಿ ಹೋದದ್ದನ್ನು, ಅಂಗಡಿಯ ಶುಚಿತ್ವದ ದೃಷ್ಟಿಯಿಂದ ತೀವ್ರವಾಗಿ ಖಂಡಿಸುತ್ತೇನೆ. ಇನ್ನೊಂದು ಬೂಟನ್ನು ಯಾಕೆ ಬಿಟ್ಟಿರೆಂಬುದಕ್ಕೂ ವಿವರಣೆ ಕೊಡತಕ್ಕದ್ದು.