ಕೊನೆಯ ಪುಟದ ಎರಡು ದೇಶಗಳು

ಜಗತ್ತಿನ ಶಾಂತಿಯ ಬಗ್ಗೆ ಬರೆಯುವವನು ಮನೆಯ ಜಗಳ ನೆನೆಸಿಕೊಂಡು ಕೂಡಬಾರದು. ಫಕ್ಕೀರೇಶ ಕೂತ, ಬರೆದ, ಅದು ಐದು ಸಾವಿರ ಪ್ರತಿ ಅಚ್ಚಾಗಿ ಒಂದನೇ ತಾರೀಖಿನ ಬೆಳಿಗ್ಗೆ ಊರೂರಿಗೆ ಹೋಗಿಯೂಬಿಟ್ಟಿತು.

ಸವಣೂರಿನಲ್ಲಿದ್ದ ಶಾಸಕರ ಕಚೇರಿಯಿಂದ ತಿಂಗಳಿಗೊಮ್ಮೆ ‘ಕ್ಷೇತ್ರವಾರ್ತೆ’ ಎಂಬ ನಾಲ್ಕು ಪುಟದ ಪತ್ರಿಕೆ ಹೊರಡುತ್ತಿತ್ತು. ಯಾವ ಹಳ್ಳಿಗೆ ಬೋರ್‌ವೆಲ್ ಬಿತ್ತು, ಯಾವ ಶಾಲೆಗೆ ಬೆಂಚು ಬಂತು, ಸಾಹೇಬರು ಯಾರ ಮನೆಗೆ ಸಾಂತ್ವನ ಹೇಳಲು ಹೋಗಿದ್ದರು ಎಂಬ ಸುದ್ದಿಗಳಿಗೆ ಮೊದಲ ಮೂರು ಪುಟ. ಕೊನೆಯ ಪುಟದಲ್ಲಿ ಗಲ್ಲಕ್ಕೆ ಕೈಕೊಟ್ಟ ಸಾಹೇಬರ ಫೋಟೋ, ಅದರ ಕೆಳಗೆ ‘ಜಗದತ್ತ ನನ್ನ ನೋಟ’. ಆ ನೋಟ ಆರು ವರ್ಷಗಳಿಂದ ಫಕ್ಕೀರೇಶನದೇ. ಜನ ಓದುತ್ತಾರಲ್ಲ ಎಂದು ಸಾಹೇಬರು ಅದನ್ನು ಓದುತ್ತಿರಲಿಲ್ಲ. ಸಾಹೇಬರಾದರೂ ಓದಿರುತ್ತಾರೆ ಎಂದು ಜನ ಬಿಟ್ಟಿದ್ದರು.

ಫಕ್ಕೀರೇಶನಿಗೆ ಐವತ್ಮೂರು. ಹೆಂಡತಿ ತೀರಿಕೊಂಡು ಏಳು ವರ್ಷ, ಮಕ್ಕಳಿಲ್ಲ. ಜಮಾಲಸಾಬರ ಸೇವು-ಖಾರದ ಅಂಗಡಿಯ ಹಿಂದೆ ಒಂದು ಖೋಲಿ, ಊಟ ಖಾನಾವಳಿಯಲ್ಲಿ. ಪತ್ರಿಕೆಯ ಬುಡದಲ್ಲಿ ಅವನದೇ ಮೊಬೈಲ್ ನಂಬರು ಇದ್ದುದರಿಂದ ದಿನಕ್ಕೆ ನಲವತ್ತು ಕರೆ ಬರುತ್ತಿದ್ದವು. ಒಂದೂ ಅವನಿಗಲ್ಲ, ಎಲ್ಲಾ ಸಾಹೇಬರಿಗೆ.

ಅವನು ಕಾಯುತ್ತಿದ್ದುದು ಅಣ್ಣ ಗುತ್ತೆಪ್ಪನ ಒಂದು ಕರೆಗೆ. ಬಸ್ಸು ಹತ್ತಿದರೆ ಯಲವಿಗಿ ಏನು ಮಹಾ ದೂರ, ಅಲ್ಲಿ ಸ್ಟೇಷನ್ನಿನ ಹತ್ತಿರ ಅಣ್ಣನದು ಹಿಟ್ಟಿನ ಗಿರಣಿ. ಮೂರು ವರ್ಷದ ಹಿಂದೆ ಅಣ್ಣನ ಮಗಳ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಹದಿನಾಲ್ಕು ಹೆಸರಿದ್ದವು. ಒಡಹುಟ್ಟಿದ ತಮ್ಮನದು ಇರಲಿಲ್ಲ. ಫಕ್ಕೀರೇಶ ಮದುವೆಗೆ ಹೋಗಲಿಲ್ಲ, ಅಣ್ಣ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅಲ್ಲಿಗೆ ಮಾತು ನಿಂತಿತು.

ಈ ತಿಂಗಳು ಅವನ ಪೆನ್ನು ತಾನಾಗಿಯೇ ಆ ಕಡೆ ಹೊರಳಿತು. ಒಂದು ದೊಡ್ಡ ದೇಶ, ಒಂದು ಸಣ್ಣ ದೇಶ. ಯಾವುದೋ ಸಭೆಯ ಆಮಂತ್ರಣದಲ್ಲಿ ದೊಡ್ಡದು ಸಣ್ಣದರ ಹೆಸರು ಬಿಟ್ಟಿತು. ಸಣ್ಣದು ಅವಮಾನ ನುಂಗಿಕೊಂಡು ಒಳಗೇ ಕೂತಿತು. ‘ದೊಡ್ಡವರು ಸೊಕ್ಕು ಇಳಿಸಿ ಒಂದು ಫೋನು ಮಾಡಿದರೆ ಗಡಿಯ ಬಾಗಿಲು ಆ ಗಳಿಗೆಯೇ ತೆರೆಯುತ್ತದೆ. ಆಚೆ ಒಬ್ಬರು ವರ್ಷಗಳಿಂದ ಫೋನು ಕೈಯಲ್ಲೇ ಹಿಡಿದು ಕೂತಿದ್ದಾರೆ’ ಎಂದು ಮುಗಿಸಿದ. ಬರೆಯುವ ಭರದಲ್ಲಿ ದೇಶಗಳ ಹೆಸರು ಹಾಕುವುದು ಮರೆತೇ ಹೋಯಿತು.

ಬೆಳಿಗ್ಗೆ ಖೋಲಿಯಿಂದ ಹೊರಬಿದ್ದರೆ ಜಮಾಲಸಾಬರು ಕಡಲೆಹಿಟ್ಟು ಕಲಸುವ ಕೈ ಹಾಗೇ ಹಿಡಿದು ಕಾಯುತ್ತಿದ್ದರು.

“ಏನ್ರಿ ಫಕ್ಕೀರೇಶಣ್ಣ, ನಿಮ್ಮ ಸಾಹೇಬ್ರು ಮಾಜಿ ಶಾಸಕರ ಮುಂದ ಸೋತ್ರಂತಲ್ಲ?”

“ಯಾರ ಹೇಳಿದ್ರು?”

“ಹಿಂದಿನ ಪುಟದಾಗ ನೀವ ಹಾಕೀರಲ್ರಿ. ಸಮುದಾಯ ಭವನದ ಕಾರ್ಡಿನಾಗ ಮಾಜಿ ಹೆಸರು ಬಿಟ್ಟಿದ್ದಕ್ಕ ಸಾಹೇಬ್ರು ತಪ್ಪು ಒಪ್ಪಿಕೊಂಡಾರ ಅಂತ ಊರ ತುಂಬಾ ಮಾತು.”

ಹೋದ ತಿಂಗಳು ಭವನದ ಉದ್ಘಾಟನೆಯ ಆಮಂತ್ರಣದಲ್ಲಿ ಮಾಜಿ ಶಾಸಕರ ಹೆಸರು ಕೈಬಿಟ್ಟು, ಅವರ ಕಡೆಯವರು ರಸ್ತೆಗೆ ಕೂತು ದೊಡ್ಡ ಗದ್ದಲವಾಗಿತ್ತು. ಬರೆಯುವಾಗ ಅದು ಫಕ್ಕೀರೇಶನಿಗೆ ನೆನಪೇ ಇರಲಿಲ್ಲ.

“ಜಮಾಲಸಾಬ್ರ, ಅದು ಪರದೇಶದ ಸುದ್ದಿರಿ.”

“ಪರದೇಶದಾಗ ಕಾರ್ಡಿನಾಗ ಹೆಸರು ಬಿಟ್ಟದ್ದಕ್ಕ ಯಾರರೆ ಸಿಟ್ಟಿಗೇಳ್ತಾರೇನ್ರಿ? ಅದು ನಮ್ಮ ಕಡೇದ ರೋಗ,” ಎಂದರು ಜಮಾಲಸಾಬರು.

ಕಚೇರಿಯಲ್ಲಿ ಟೈಪು ಮಾಡುವ ಜಯಶ್ರೀ ಎರಡೂ ಫೋನು ಎತ್ತಿ ಕೆಳಗಿಟ್ಟು ಕೂತಿದ್ದಳು. “ಸರ್, ನಿಮ್ಮದ ಒಂದು ಉಳದೈತ್ರಿ. ನೀವ ಬೈಸ್ಕೊಳ್ರಿ.” ಅದು ಬಿಡದೆ ಹೊಡೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಫಕ್ಕೀರೇಶ ಮೊದಲು ನಂಬರು ನೋಡುತ್ತಿದ್ದ, ಆಮೇಲೆ ಬೈಗುಳ ಕೇಳುತ್ತಿದ್ದ. ಅಷ್ಟರಲ್ಲಿ ಟೆಂಪೊ ತುಂಬ ಕಾರ್ಯಕರ್ತರು ಬಂದಿಳಿದರು. ಅವರಲ್ಲೊಬ್ಬ ಮುದುಕ ನೇರ ಅವನ ಮೇಜು ಗುದ್ದಿದ.

“ಮಾಜಿ ಪಾರ್ಟಿಯಾಂವ ಅಂತ ನಾ ಸ್ವಂತ ಷಡ್ಡಕನ ಮನಿಗೆ ಹೋಗೂದ ಬಿಟ್ಟೇನಿ. ಹತ್ತು ವರ್ಷ ಆತು. ಈಗ ಸಾಹೇಬ್ರು ರಾಜಿ ಆದ್ರ ನನ್ನ ಹತ್ತು ವರ್ಷಕ್ಕ ಜವಾಬು ಯಾರು?”

ಫಕ್ಕೀರೇಶನ ಸ್ವಂತ ಮೂರು ವರ್ಷಕ್ಕೇ ಜವಾಬು ಸಿಕ್ಕಿರಲಿಲ್ಲ.

ಹನ್ನೊಂದಕ್ಕೆ ಸಾಹೇಬರು ಬಂದರು. ಬಂದವರೇ ಬಾಗಿಲು ಹಾಕಿಸಿದರು.

“ಏನ ಬರದೇನೋ ನಾ? ಓದು.”

ಫಕ್ಕೀರೇಶ ಓದಿದ. ಸಾಹೇಬರು ತಮ್ಮ ಬರಹವನ್ನು ಮೊಟ್ಟಮೊದಲ ಸಲ ಗಮನವಿಟ್ಟು ಕೇಳಿದರು.

“ಯಾವ ದೇಶಪಾ ಇವು?”

“ದೂರದವುರಿ.”

“ಹೆಸರಿಲ್ಲೇನು ಅವಕ್ಕ?”

“ಅದಾವ್ರಿ... ಸಣ್ಣವು.”

“ನಾಳಿಯಿಂದ ನೀ ಕಚೇರಿಗೆ ಬರಬ್ಯಾಡ,” ಎಂದರು ಸಾಹೇಬರು, ಸಿಟ್ಟಿಲ್ಲದೆ, ಫ್ಯಾನು ಆರಿಸು ಎಂದಂತೆ.

ಇದ್ದುದೊಂದು ಕಚೇರಿ. ಅದೂ ಹೋದರೆ ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಫಕ್ಕೀರೇಶ ಯೋಚಿಸುತ್ತಿದ್ದಾಗಲೇ ಹೊರಗೆ ಗಲಾಟೆ ತಟ್ಟನೆ ನಿಂತಿತು. ಬಾಗಿಲು ತೆರೆಯಿತು. ಒಂದು ಬುಟ್ಟಿ ವೀಳ್ಯದೆಲೆ, ಒಂದು ಶಾಲು ಹಿಡಿದು ಮಾಜಿ ಶಾಸಕರೇ ಬಾಗಿಲಲ್ಲಿ ನಿಂತಿದ್ದರು.

“ಸಣ್ಣ ದೇಶ ತಾನಾಗಿ ಬಂದೈತಿ ನೋಡ್ರಿ,” ಎಂದರು. ಬುಟ್ಟಿ ಮೇಜಿನ ಮೇಲಿಟ್ಟರು. “ಸೋತಾಗಿಂದ ನನಗ ಫೋನ್ ಮಾಡೋರ ಇಲ್ರಿ. ಕೈಯಾಗ ಹಿಡಕೊಂಡು ಕುಂತಿರ್ತೇನಿ. ಅದು ನಿಮಗ ಹೆಂಗ ತಿಳೀತು?”

ಸಾಹೇಬರು ಒಂದು ಗಳಿಗೆ ಫಕ್ಕೀರೇಶನ ಮುಖ ನೋಡಿದರು, ಒಂದು ಗಳಿಗೆ ಬುಟ್ಟಿ ನೋಡಿದರು. ಆಮೇಲೆ ಎದ್ದು ಎರಡೂ ತೋಳು ಚಾಚಿದರು. “ತಿಳೀತೈತ್ರಿ. ಬರಿಯಾಕ ಕುಂತಾಗ ತಾನಾಗಿ ತಿಳೀತೈತಿ.”

ಇಬ್ಬರೂ ಅತ್ತರು. ಜಯಶ್ರೀ ಮೊಬೈಲಿನಲ್ಲಿ ಫೋಟೋ ತೆಗೆದಳು. ಮೇಜು ಗುದ್ದಿದ ಮುದುಕ ಕಣ್ಣೊರೆಸಿಕೊಂಡು ಷಡ್ಡಕನ ಊರಿಗೆ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸುತ್ತ ಹೋದ. ಗದ್ದಲ ಕರಗಿದ ಮೇಲೆ ಸಾಹೇಬರು ಫಕ್ಕೀರೇಶನ ಹೆಗಲ ಮೇಲೆ ಕೈಹಾಕಿದರು.

“ಕಚೇರಿ ಬಿಡಬ್ಯಾಡ. ಮತ್ತ ಬರದಾಂವ ನಾ. ತಿಳೀತಿಲ್ಲೊ?”

“ತಿಳೀತ್ರಿ.”

“ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಇಲ್ರಿ.”

ಮಧ್ಯಾಹ್ನದಿಂದ ಕರೆಗಳ ಧಾಟಿಯೇ ಬದಲಾಯಿತು. ಒಬ್ಬ ಬದುವಿನ ತಂಟೆ ಬಿಟ್ಟನಂತೆ. ಒಬ್ಬಳು ಸೊಸೆಯನ್ನು ತವರಿನಿಂದ ಕರೆತಂದಳಂತೆ. ಎಲ್ಲರೂ ಸಾಹೇಬರಿಗೆ ನಮಸ್ಕಾರ ಹೇಳಿದರು, ಫಕ್ಕೀರೇಶ ಎಲ್ಲರಿಗೂ “ತಿಳಸ್ತೇನ್ರಿ” ಎಂದ. ಒಬ್ಬನಿಗೆ ಬರೆದ ಕಾಗದ ಊರಿಗೆಲ್ಲ ಮುಟ್ಟಿ, ಆ ಒಬ್ಬನಿಗೆ ಮಾತ್ರ ಮುಟ್ಟಿರಲಿಲ್ಲ. ಸಂಜೆ ಖೋಲಿಗೆ ಬಂದು ಮಂಚದ ಮೇಲೆ ಕೂತಾಗ ಅವನಿಗೆ ನಿಜವಾಗಿಯೂ ಅಳು ಬಂತು.

ಆಗ ಫೋನು ಬಂತು. ನಂಬರು ಅಣ್ಣನದು.

“ಫಕ್ಕೀರ್ಯಾ, ಚಾ ಕುಡದೇನು?” ಮೂರು ವರ್ಷ ಆಗಿಯೇ ಇಲ್ಲವೆಂಬಂತೆ ಕೇಳಿದ ಗುತ್ತೆಪ್ಪ. “ಗಿರಣ್ಯಾಗ ಯಾರೋ ನಿಮ್ಮ ಪೇಪರ್ ಬಿಟ್ಟು ಹೋಗಿದ್ರು. ಹಿಂದಿನ ಪುಟ ಎರಡ ಸಲ ಓದಿದೆ. ಕರಳ ಚುರ್ ಅಂತು ನೋಡಪಾ. ಯಾಕ ಬೇಕು ಈ ಹಟ, ನಾನ ಸೋಲೂಣು ಅಂತ ಫೋನ ಹಚ್ಚಿದೆ. ನಾಳಿ ಆಯಿತವಾರ, ಬಂದಬಿಡು. ನಿಮ್ಮ ವೈನಿ ಕರಿಗಡಬು ಮಾಡ್ತಾಳ.”

“ಬರ್ತೇನಿ ಅಣ್ಣಾ,” ಎಂದ ಫಕ್ಕೀರೇಶ.

ಅಲ್ಲಿಗೇ ಫೋನು ಇಟ್ಟಿದ್ದರೆ ಈ ಕತೆ ಹೇಳುವ ಕೆಲಸ ನನಗೆ ಬೀಳುತ್ತಿರಲಿಲ್ಲ.

“ನಿಮ್ಮ ಸಾಹೇಬ್ರು ಭಾಳ ದೊಡ್ಡ ಮನಿಷಾ ಬಿಡು,” ಎಂದ ಗುತ್ತೆಪ್ಪ. “ಏನ ಮಾತು, ಏನ ಮನಸು. ಅಂಥವ್ರ ಕೈಯಾಗ ಆರು ವರ್ಷ ಇದ್ದಿ, ಇಂಥಾದ್ದೊಂದು ಸಾಲು ನಿನಗ ಯಾವತ್ತರೆ ಹೊಳದೈತೇನು?”

ಆರು ವರ್ಷ, ಎಪ್ಪತ್ತೆರಡು ನೋಟ. ಬೆಳಿಗ್ಗೆ ಸಾಹೇಬರಿಗೆ ಮಾತು ಕೊಟ್ಟದ್ದು ಹೌದು. ಆದರೆ ಕೇಳುತ್ತಿರುವವನು ಸ್ವಂತ ಅಣ್ಣ.

“ಅಣ್ಣಾ, ಅದನ್ನ ಬರದಾಂವ ನಾನ. ನಮ್ಮಿಬ್ಬರದ ನೆನಸ್ಕೊಂಡು ಬರದೇನಿ.”

ಆಚೆ ಒಂದು ರೈಲು ದಾಟಿಹೋಯಿತು. ಆಮೇಲೆ ಪೇಪರು ಬಿಚ್ಚಿದ ಸದ್ದು.

“ನೀ ಬರದಿ. ಹಂಗಾರ ಈ ಸಣ್ಣ ದೇಶ ಯಾರು?”

“ನಾ, ಅಣ್ಣಾ.”

“ನೀನ? ಮುಂಜಾನಿಂದ ಸಣ್ಣ ದೇಶ ನಾನ ಅಂತ ತಿಳಕೊಂಡು ಓದಾಕತ್ತೇನಿ ನಾ. ಪ್ರೆಸ್ಸಿನಾಂವ ಒಂದ ಹೆಸರು ಬಿಟ್ಟದ್ದಕ್ಕ ತಮ್ಮ ಮದುವಿಗೆ ಬರಲಿಲ್ಲ. ಬೀಗರ ಮುಂದ ತಲಿ ತಗ್ಗಿಸ್ಕೊಂಡು ಕುಂತಾಂವ ನಾ. ಅವಮಾನ ನುಂಗಿದಾಂವ ನಾ.” ಗುತ್ತೆಪ್ಪ ಉಸಿರೆಳೆದುಕೊಂಡ. “ಅಂದ್ರ ಈ ‘ಸೊಕ್ಕು ಇಳಿಸಿ’ ಅಂತ ಬರದದ್ದು ನನಗೇನು?”

“ಅದು ಹಂಗಲ್ಲ ಅಣ್ಣಾ...”

“ಐದ ಸಾವಿರ ಅಚ್ಚು ಹಾಕಿಸಿ ಕ್ಷೇತ್ರಕ್ಕೆಲ್ಲಾ ನನ್ನ ಸೊಕ್ಕು ಹಂಚಿದಿಪಾ. ನಾಳಿ ಬರಬ್ಯಾಡ. ನನಗೇನರೆ ಹೇಳೂದಿದ್ರ ನಿಮ್ಮ ಸಾಹೇಬ್ರ ಕಡೆಯಿಂದ ಬರಸು. ಅವರ ಮಾತಾದ್ರ ಓದ್ತೇನಿ.”

ಫೋನು ಕಟ್ಟಾಯಿತು. ಫಕ್ಕೀರೇಶ ಮೂರು ಸಲ ಹಚ್ಚಿದ, ಆ ಕಡೆ ಎತ್ತಲಿಲ್ಲ. ನಾಲ್ಕನೆಯ ಸಲ ಹಚ್ಚುವಷ್ಟರಲ್ಲಿ ಅವನದೇ ಫೋನು ಹೊಡೆದುಕೊಂಡಿತು. ಯಾರೋ ಸಾಹೇಬರಿಗೆ ನಮಸ್ಕಾರ ತಿಳಿಸಿ ಎಂದರು. ತಿಳಿಸುತ್ತೇನೆ ಎಂದು ಹೇಳಿ ಅವನು ಕಾಗದ ಪೆನ್ನು ತೆಗೆದ. ಮುಂದಿನ ಸಂಚಿಕೆಗೆ ಇನ್ನೂ ಇಡೀ ಒಂದು ತಿಂಗಳಿತ್ತು.